ರ್ಯಾಪಿಡ್ ಚೆಸ್ ಪಾಸಂಗದ ಕಲ್ಲಲ್ಲ

2016ರ ನವೆಂಬರ್ 30 ಮುಗಿದು ಆಗಷ್ಟೇ ದಿನ ಬದಲಾಗಿತ್ತು. ನಮ್ಮಲ್ಲಿ ರಾತ್ರಿ ಹನ್ನೆರಡೂವರೆ, ನ್ಯೂಯಾರ್ಕಿನಲ್ಲಿ ಮಧ್ಯಾಹ್ನ ಎರಡು ಗಂಟೆ. ಮನೆಯವರೆಲ್ಲ ಮಲಗಿದ ಮೇಲೆ ಮೊಬೈಲಿನ ಬೆಳಕು ತಗ್ಗಿಸಿಕೊಂಡು ಕೂತಿದ್ದೆ. ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ಸೆರ್ಗಿ ಕರ್ಯಾಕಿನ್ ಹತ್ತಿರ ಹತ್ತಿರ ಮೂರು ವಾರ ಸೆಣಸಿ, ಹನ್ನೆರಡು ಆಟ ಮುಗಿಸಿ, 6–6ಕ್ಕೆ ಬಂದು ನಿಂತಿದ್ದರು. ವಿಶ್ವ ಚಾಂಪಿಯನ್ ಯಾರೆಂಬುದು ಆ ದಿನ ನಾಲ್ಕು ರ್ಯಾಪಿಡ್ ಆಟಗಳಲ್ಲಿ ಇತ್ಯರ್ಥವಾಗಬೇಕಿತ್ತು. ಒಬ್ಬೊಬ್ಬರಿಗೆ 25 ನಿಮಿಷ, ಪ್ರತಿ ನಡೆಗೆ 10 ಸೆಕೆಂಡು ಸೇರ್ಪಡೆ. ಮೊದಲನೆಯದು ಡ್ರಾ. ಎರಡನೆಯದರಲ್ಲಿ ಸೋಲು ಕಟ್ಟಿಟ್ಟ ಬುತ್ತಿ ಎನ್ನುವ ಸ್ಥಿತಿಯಿಂದ ಕರ್ಯಾಕಿನ್ ಹೇಗೋ ಸ್ಟೇಲ್‌ಮೇಟ್‌ಗೆ ಜಾರಿಕೊಂಡು ಡ್ರಾ ಮಾಡಿಕೊಂಡರು. ಮೂರನೆಯದನ್ನು ಕಾರ್ಲ್‌ಸನ್ ಕಪ್ಪು ಕಾಯಿಗಳಲ್ಲಿ ಗೆದ್ದರು. ನಾಲ್ಕನೆಯದರ ಕೊನೆಯ ನಡೆಯಲ್ಲಿ ಅವರು ತಮ್ಮ ಮಂತ್ರಿಯನ್ನೇ ಎದುರಾಳಿಯ ರಾಜನ ಬಾಯಿಗೆ ಒಡ್ಡಿದರು. ರಾಜ ಹೊಡೆದರೂ ಚೆಕ್‌ಮೇಟ್, ಪದಾತಿ ಹೊಡೆದರೂ ಚೆಕ್‌ಮೇಟ್. ಅಂದು ಕಾರ್ಲ್‌ಸನ್‌ಗೆ 26 ತುಂಬಿದ ದಿನ ಬೇರೆ.

ಬೆಳಗಿನ ಜಾವ ಹಾಸಿಗೆಗೆ ಹೋದೆ. ಕಣ್ಣಿನಲ್ಲಿ ಆ ಮಂತ್ರಿ, ತಲೆಯಲ್ಲಿ ಒಂದು ಕಿರಿಕಿರಿ. ಇವರಿಬ್ಬರೂ ಸ್ಪರ್ಧಿಸಿದ್ದು ನಿಧಾನದ, ಅಂದರೆ ಕ್ಲಾಸಿಕಲ್ ಚೆಸ್‌ನ ಪಟ್ಟಕ್ಕೆ. ಆ ಚೆಸ್‌ನಲ್ಲಿ ಇಬ್ಬರೂ ಸಮ ಎಂದು ಹನ್ನೆರಡು ಆಟಗಳು ಸಾರಿ ಹೇಳಿದ್ದವು. ಹಾಗಿದ್ದರೆ ಮಧ್ಯಾಹ್ನ ಕೂತು ಸಂಜೆ ಮುಗಿದ ಇನ್ನೊಂದು ಬಗೆಯ ಆಟ ಈ ಪಟ್ಟವನ್ನು ಹೇಗೆ ಕೊಟ್ಟಿತು? ಅದಕ್ಕಿಂತ ಕಾಡಿದ್ದು ಇನ್ನೊಂದು. ಮೂರು ವಾರದಲ್ಲಿ ನಾನು ಕಂಡ ಅತ್ಯುತ್ತಮ ಚೆಸ್ ಆ ಮಧ್ಯಾಹ್ನದ್ದು. ಅದನ್ನು ಯಾರೂ ಹಾಗೆ ಹೇಳಲಿಲ್ಲ. ‘ಟೈಬ್ರೇಕ್‌ನಲ್ಲಿ ಗೆದ್ದ’ ಎಂದರು. ಗೆದ್ದವನಿಗೂ ಅದರಲ್ಲಿ ಸ್ವಲ್ಪ ಅವಮಾನವಿದೆ, ಗೆಲ್ಲಿಸಿದ ಆಟಕ್ಕೂ ಇದೆ.

ಹಳೆಯ ತಕ್ಕಡಿಗಳಲ್ಲಿ ಎರಡು ತಟ್ಟೆ ಸಮ ತೂಗದಿದ್ದರೆ ಅಂಗಡಿಯವರು ಹಗುರವಾದ ಕಡೆಗೆ ಒಂದು ಚೂರು ಕಲ್ಲು ಕಟ್ಟುತ್ತಿದ್ದರು. ಅದೇ ಪಾಸಂಗ. ಅದಕ್ಕೆ ಸ್ವಂತ ಬೆಲೆಯಿಲ್ಲ, ಅದನ್ನು ಯಾರೂ ಕೊಳ್ಳುವುದಿಲ್ಲ. ಇಂದಿನ ಚೆಸ್ ಜಗತ್ತು ರ್ಯಾಪಿಡ್ ಆಟವನ್ನು ಹೀಗೆ ಪಾಸಂಗಕ್ಕೆ ಕಟ್ಟಿಕೊಂಡಿದೆ. ಹಾಗೆ ಕಟ್ಟಿ ರ್ಯಾಪಿಡ್ಡನ್ನೂ ಕೆಡಿಸಿದೆ, ಕ್ಲಾಸಿಕಲ್ಲನ್ನೂ ಕೆಡಿಸಿದೆ ಎಂಬುದು ನನ್ನ ದೂರು.

ಮೊದಲು ಕ್ಲಾಸಿಕಲ್ ಹೇಗೆ ಕೆಟ್ಟಿತು ನೋಡೋಣ.

2010, ಸೋಫಿಯಾ. ವಿಶ್ವನಾಥನ್ ಆನಂದ್ ಮತ್ತು ವೆಸಲಿನ್ ಟೊಪಲೋವ್ ಹನ್ನೊಂದು ಆಟಗಳ ಬಳಿಕ ಸಮ. ಹನ್ನೆರಡನೆಯ ಆಟ ಡ್ರಾ ಆದರೆ ರ್ಯಾಪಿಡ್. ರ್ಯಾಪಿಡ್‌ನಲ್ಲಿ ಆನಂದ್ ಎದುರು ಗೆಲ್ಲುವುದು ಕಷ್ಟವೆಂದು ಟೊಪಲೋವ್‌ಗೆ ಗೊತ್ತಿತ್ತು. ಅದನ್ನು ತಪ್ಪಿಸಲು ಹೊರಟೆ ಎಂದು ಪಂದ್ಯದ ಬಳಿಕ ಅವರೇ ಒಪ್ಪಿಕೊಂಡರು. ಬಿಳಿ ಕಾಯಿ ಕೈಯಲ್ಲಿಟ್ಟುಕೊಂಡು, ಮಾಡಬಾರದ ಸಾಹಸ ಮಾಡಿ, ರಾಜನ ಮುಂದಿನ ಬಾಗಿಲನ್ನು ತಾವೇ ತೆರೆದು ಸೋತರು. ಪಟ್ಟ ಆನಂದ್‌ಗೆ ಉಳಿಯಿತು. ಭಾರತೀಯನಾಗಿ ನಾನು ಅಂದು ಕುಣಿದಿದ್ದೆ. ಆದರೆ ಆ ಆಟ ನಡೆದದ್ದು ಕೇವಲ ಇಬ್ಬರ ನಡುವೆ ಅಲ್ಲ. ಮುಂದೆ ಆಡಬೇಕಾಗಿ ಬರಬಹುದಾಗಿದ್ದ ರ್ಯಾಪಿಡ್ಡೂ ಆ ಮೇಜಿನ ಬಳಿ ಕುರ್ಚಿ ಹಾಕಿಕೊಂಡು ಕೂತಿತ್ತು.

2018, ಲಂಡನ್. ಕಾರ್ಲ್‌ಸನ್ ರೇಟಿಂಗ್ 2835, ಫ್ಯಾಬಿಯಾನೊ ಕರುವಾನಾ ಅವರದು 2832. ಮೂರೇ ಅಂಕ ಅಂತರ. ಹನ್ನೆರಡಕ್ಕೆ ಹನ್ನೆರಡೂ ಆಟ ಡ್ರಾ. ವಿಶ್ವ ಚಾಂಪಿಯನ್‌ಷಿಪ್‌ನ ಚರಿತ್ರೆಯಲ್ಲಿ ಅದೇ ಮೊದಲು. ಹನ್ನೆರಡನೆಯ ಆಟದಲ್ಲಿ ಕಾರ್ಲ್‌ಸನ್ ಸ್ಥಿತಿ ಮೇಲಿತ್ತು, ಗಡಿಯಾರದಲ್ಲೂ ಅವರೇ ಮುಂದಿದ್ದರು. ಆದರೂ 31ನೆಯ ನಡೆಯಲ್ಲಿ ಡ್ರಾ ಕೇಳಿದರು. ಮಾಜಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಬೆರಗಾದರು, ಚಾಂಪಿಯನ್‌ನ ಎದೆಗಾರಿಕೆ ಕುಗ್ಗಿದೆಯೇ ಎಂದು ಬಹಿರಂಗವಾಗಿಯೇ ಅನುಮಾನಿಸಿದರು. ಕಾರ್ಲ್‌ಸನ್ ಲೆಕ್ಕ ಬೇರೆ. ರ್ಯಾಪಿಡ್ ರೇಟಿಂಗ್‌ನಲ್ಲಿ ಇಬ್ಬರ ನಡುವೆ ಮೂರಲ್ಲ, ಸುಮಾರು 90 ಅಂಕಗಳ ಅಂತರವಿತ್ತು. ಇವತ್ತು ಕೆಸರಿನ ಗದ್ದೆಗೆ ಇಳಿಯುವುದೇಕೆ, ನಾಡಿದ್ದು ಹಸನಾದ ಹೊಲ ಕಾದಿದೆಯಲ್ಲ! ಎರಡು ದಿನ ಬಿಟ್ಟು ರ್ಯಾಪಿಡ್‌ನಲ್ಲಿ 3–0. ಆಟಗಾರನಾಗಿ ಅವರ ತೀರ್ಮಾನ ಸರಿಯೇ. ಆದರೆ ಪಟ್ಟದ ಕೊನೆಯ ಕ್ಲಾಸಿಕಲ್ ಆಟವನ್ನು ಮೇಲುಗೈ ಇದ್ದಾಗಲೂ ಕೈಬಿಡುವುದೇ ಲಾಭವೆಂದಾದರೆ ತಪ್ಪು ನಿಯಮದ್ದು.

2024, ಸಿಂಗಪುರ. ಡಿಸೆಂಬರ್ 12, ಡಿಂಗ್ ಲಿರೆನ್ ಮತ್ತು ಗುಕೇಶ್ ನಡುವೆ ಹದಿನಾಲ್ಕನೆಯ ಆಟ, 6.5–6.5. ಎಲ್ಲರೂ ಮರುದಿನದ ರ್ಯಾಪಿಡ್ ಮಾತನಾಡುತ್ತಿದ್ದರು. ಅಲ್ಲಿ ಡಿಂಗ್ ಮೇಲೆಂದು ಸಾಮಾನ್ಯ ಅಭಿಪ್ರಾಯ. ಡಿಂಗ್ ಬಿಳಿ ಕಾಯಿಗಳಲ್ಲಿ ಒಂದೊಂದಾಗಿ ಕಾಯಿ ಬದಲಾಯಿಸಿಕೊಳ್ಳುತ್ತ, ಒಂದು ಪದಾತಿ ಹೋದರೂ ಸರಿ ಎಂದು ಡ್ರಾದ ದಡ ಹುಡುಕುತ್ತಿದ್ದರು. 55ನೆಯ ನಡೆಯಲ್ಲಿ ಆನೆಯನ್ನು ಎಫ್2 ಮನೆಗೆ ಇಟ್ಟರು. ಗುಕೇಶ್ ಒಂದು ಕ್ಷಣ ನಂಬಲಿಲ್ಲ. ಆನೆ ಹೋಗಿ, ಒಂಟೆಯೂ ಹೋಗಿ, ಉಳಿದದ್ದು ಗೆದ್ದೇ ತೀರುವ ಪದಾತಿಗಳ ಆಟ. ಹದಿನೆಂಟರ ಹುಡುಗ ವಿಶ್ವ ಚಾಂಪಿಯನ್ ಆದ. ಡಿಂಗ್ ಮಾಡಿದ ತಪ್ಪು ಅವರದೇ, ಅದರಲ್ಲಿ ಅನುಮಾನವಿಲ್ಲ. ಗುಕೇಶ್ ಬಿಡದೆ ಒತ್ತಿದ್ದರಿಂದಲೇ ಅದು ಬಂತು. ಆದರೆ ಆ ತಪ್ಪಿಗೆ ದಾರಿ ಮಾಡಿಕೊಟ್ಟ ಮನಃಸ್ಥಿತಿಯಲ್ಲಿ ನಾಳೆಯ ಟೈಬ್ರೇಕ್‌ನ ಪಾಲು ಎಷ್ಟು ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು.

ಒಬ್ಬರು ಹೆದರಿ ಮುಂದೆ ನುಗ್ಗಿದರು, ಒಬ್ಬರು ಧೈರ್ಯವಿದ್ದುದರಿಂದ ಹಿಂದೆ ಸರಿದರು, ಒಬ್ಬರು ನಾಳೆಗೆಂದು ಕಾಯಲು ಹೋಗಿ ಇಂದನ್ನೇ ಕಳೆದುಕೊಂಡರು. ಮೂವರೂ ಆಡಿದ್ದು ಎದುರಿಗಿದ್ದ ಆಟವನ್ನಲ್ಲ.

ಇದಕ್ಕೆ ಎದುರು ವಾದವಿದೆ, ಬಲವಾದದ್ದೇ ಇದೆ. ಟೈಬ್ರೇಕ್ ಬೇಡವೆಂದರೆ ಸಮವಾದಾಗ ಏನು ಮಾಡುವುದು? ಹಿಂದೆ ಸಮವಾದರೆ ಪಟ್ಟ ಹಳೆಯ ಚಾಂಪಿಯನ್‌ಗೇ ಉಳಿಯುತ್ತಿತ್ತು. 1951ರಲ್ಲಿ ಬ್ರಾನ್‌ಸ್ಟೀನ್ 12–12 ಆಡಿಯೂ ಬೋಟ್ವಿನ್ನಿಕ್‌ರಿಂದ ಪಟ್ಟ ಪಡೆಯಲಾಗಲಿಲ್ಲ. 1954ರಲ್ಲಿ ಸ್ಮಿಸ್ಲೋವ್‌ಗೂ ಅದೇ ಗತಿ. 1987ರಲ್ಲಿ ಸೆವಿಲ್ಲಾದಲ್ಲಿ ಕಾಸ್ಪರೋವ್, 2004ರಲ್ಲಿ ಬ್ರಿಸ್ಸಾಗೊದಲ್ಲಿ ಕ್ರಾಮ್ನಿಕ್ ಕೊನೆಯ ಆಟ ಗೆದ್ದು, ಸಮ ಮಾಡಿ, ಪಟ್ಟ ಉಳಿಸಿಕೊಂಡರು. ಸವಾಲು ಹಾಕಿ ಬಂದವನು ಚಾಂಪಿಯನ್‌ಗಿಂತ ಒಂದು ಮೆಟ್ಟಿಲು ಹೆಚ್ಚು ಹತ್ತಬೇಕು ಎಂಬುದು ಅನ್ಯಾಯವೇ. ಇನ್ನೊಂದು ದಾರಿ, ಒಬ್ಬ ಗೆಲ್ಲುವ ತನಕ ಆಡುತ್ತಲೇ ಇರುವುದು. 1984ರ ಸೆಪ್ಟೆಂಬರ್‌ನಲ್ಲಿ ಮಾಸ್ಕೋದಲ್ಲಿ ಕಾರ್ಪೋವ್ ಮತ್ತು ಕಾಸ್ಪರೋವ್ ಹಾಗೇ ಕೂತರು. ಆರು ಗೆಲುವು ಸಿಗುವವರೆಗೆ ಆಡಬೇಕು, ಡ್ರಾಗಳಿಗೆ ಲೆಕ್ಕವಿಲ್ಲ. 48 ಆಟ ನಡೆದವು, 40 ಡ್ರಾ. ಕಾರ್ಪೋವ್ 5–3 ಮುಂದಿದ್ದರು, ನೋಡುನೋಡುತ್ತ ಕೃಶವಾಗಿದ್ದರು. ಐದು ತಿಂಗಳ ಬಳಿಕ, 1985ರ ಫೆಬ್ರುವರಿ 15ರಂದು, ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ಅಧ್ಯಕ್ಷರು ಫಲಿತಾಂಶವೇ ಇಲ್ಲದೆ ಪಂದ್ಯ ನಿಲ್ಲಿಸಿದರು. ಅದಕ್ಕೆ ಹೋಲಿಸಿದರೆ ಒಂದು ಮಧ್ಯಾಹ್ನದ ರ್ಯಾಪಿಡ್ ಎಷ್ಟೋ ಮೇಲು ಎನ್ನುವವರನ್ನು ನಾನು ತಪ್ಪೆನ್ನಲಾರೆ.

ಆದರೆ 1984ರ ಗೋಳಿಗೆ ಕಾರಣ ಆಟ ನಿಧಾನವಾಗಿದ್ದದ್ದಲ್ಲ, ಆರು ಗೆಲುವಿನ ಷರತ್ತು. ಇಂದು ಸಮವಾದಾಗ ಎರಡೆರಡು ಕ್ಲಾಸಿಕಲ್ ಆಟ ಸೇರಿಸುತ್ತ ಹೋದರೆ, ಒಂದೇ ಒಂದು ಜೋಡಿಯಲ್ಲಿ ಮುಂದಾದವನು ಗೆದ್ದ. ಹೀಗೆ ಮೂರು ಜೋಡಿ ಸಾಕು. ಸಭಾಂಗಣದ ಬಾಡಿಗೆ ಹೆಚ್ಚೀತು, ಪ್ರಾಯೋಜಕರು ಗೊಣಗಿಯಾರು, ವಿಮಾನದ ಟಿಕೆಟ್ ಬದಲಾಯಿಸಬೇಕಾದೀತು. ವಿಶ್ವ ಚಾಂಪಿಯನ್‌ಷಿಪ್ ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ಒಂದು ವಾರ ಹೆಚ್ಚಾದರೆ ಪ್ರಳಯವಾಗದು. ಅದಕ್ಕೂ ಬಗೆಹರಿಯದಿದ್ದರೆ ಆಗ ರ್ಯಾಪಿಡ್ ಬರಲಿ. ಆದರೆ ನಾಲ್ಕು ಆಟದ್ದಲ್ಲ.

ನಾಲ್ಕು ಆಟ ಏಕೆ ಸಾಲದು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಕೊಡುತ್ತೇನೆ. ಇಬ್ಬರು ಆಟಗಾರರು, ಡ್ರಾ ಇಲ್ಲವೆಂದುಕೊಳ್ಳಿ, ಬಲಿಷ್ಠನು ಹತ್ತರಲ್ಲಿ ಆರು ಆಟ ಗೆಲ್ಲುವಷ್ಟು ಮೇಲು. ನಾಲ್ಕು ಆಟ ಆಡಿಸಿ, ಸಮವಾದರೆ ಇನ್ನೊಂದು ಆಡಿಸಿದರೆ, ದುರ್ಬಲನು ಪಂದ್ಯ ಗೆಲ್ಲುವ ಸಾಧ್ಯತೆ ಸುಮಾರು ಶೇ 32. ಅದನ್ನೇ ಹದಿನಾರು ಆಟ ಮಾಡಿ: ಶೇ 20ಕ್ಕೆ ಇಳಿಯುತ್ತದೆ. ಅಂದರೆ ಮೂರರಲ್ಲಿ ಒಂದು ಸಲ ತಪ್ಪು ಹೇಳುತ್ತಿದ್ದ ತಕ್ಕಡಿ ಐದರಲ್ಲಿ ಒಂದು ಸಲ ತಪ್ಪು ಹೇಳುತ್ತದೆ. ಹದಿನಾರು ರ್ಯಾಪಿಡ್ ಆಟಕ್ಕೆ ದಿನಕ್ಕೆ ನಾಲ್ಕರಂತೆ ನಾಲ್ಕು ದಿನ ಸಾಕು. ರ್ಯಾಪಿಡ್ ಲಾಟರಿ ಎಂದು ಹಳಿಯುವವರು ಇದನ್ನು ಗಮನಿಸುವುದಿಲ್ಲ. ಲಾಟರಿಯಾದದ್ದು ರ್ಯಾಪಿಡ್ ಅಲ್ಲ, ನಾವು ಅದಕ್ಕೆ ಕೊಟ್ಟ ಚೋಟುದ್ದದ ಪಂದ್ಯ.

ಉದಾಹರಣೆ ದೂರ ಹುಡುಕಬೇಕಿಲ್ಲ. 2025ರ ಜುಲೈನಲ್ಲಿ ಜಾರ್ಜಿಯಾದ ಬಟುಮಿಯಲ್ಲಿ ಮಹಿಳೆಯರ ವಿಶ್ವಕಪ್ ಫೈನಲ್‌ಗೆ ಇಬ್ಬರೂ ಭಾರತೀಯರೇ ಬಂದರು. ಒಂದು ಕಡೆ 38ರ ಕೊನೇರು ಹಂಪಿ, ಏಳು ತಿಂಗಳ ಹಿಂದಷ್ಟೇ ನ್ಯೂಯಾರ್ಕಿನಲ್ಲಿ ಎರಡನೆಯ ಸಲ ವಿಶ್ವ ರ್ಯಾಪಿಡ್ ಚಾಂಪಿಯನ್ ಆಗಿದ್ದವರು. ಇನ್ನೊಂದು ಕಡೆ 19ರ ದಿವ್ಯಾ ದೇಶಮುಖ್. ಕ್ಲಾಸಿಕಲ್ ಎರಡೂ ಡ್ರಾ. ರ್ಯಾಪಿಡ್‌ಗೆ ಬಂದಾಗ ಹಂಪಿಯೇ ಗೆಲ್ಲುತ್ತಾರೆ ಎಂದುಕೊಂಡವರಲ್ಲಿ ನಾನೂ ಒಬ್ಬ. ಒಂದು ಡ್ರಾ, ಮತ್ತೊಂದರಲ್ಲಿ ಕಪ್ಪು ಕಾಯಿಗಳಲ್ಲಿ ದಿವ್ಯಾ ಗೆದ್ದರು. ಕಪ್ ಗೆದ್ದರು, ಅದರೊಡನೆ ನೇರವಾಗಿ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನೂ ಪಡೆದರು. ಆ ಹುಡುಗಿಯ ಗುಂಡಿಗೆಗೆ ಸಲಾಂ. ಆದರೆ ಆ ಎರಡು ಆಟಗಳಿಂದ ರ್ಯಾಪಿಡ್‌ನಲ್ಲಿ ಇಬ್ಬರಲ್ಲಿ ಯಾರು ಮೇಲೆಂದು ಗೊತ್ತಾಯಿತೇ? ಕ್ಲಾಸಿಕಲ್‌ನಲ್ಲಿ ಯಾರು ಮೇಲೆಂದು? ಎರಡೂ ಇಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಗೋವಾದ ವಿಶ್ವಕಪ್ ಫೈನಲ್ ಕೂಡ, ಸಿಂದರೋವ್ ಮತ್ತು ವೆಯ್ ಯಿ ನಡುವೆ, ರ್ಯಾಪಿಡ್ ಟೈಬ್ರೇಕ್‌ನಲ್ಲೇ ಮುಗಿಯಿತು.

2002ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಕಾಸ್ಪರೋವ್–ಕಾರ್ಪೋವ್ ರ್ಯಾಪಿಡ್ ಪಂದ್ಯ ಏರ್ಪಟ್ಟಾಗಲೂ ಹೀಗೇ ಆಗಿತ್ತು. ನಾಲ್ಕೇ ಆಟ. ಜಗತ್ತಿನ ಒಂದನೆಯ ಸ್ಥಾನದಲ್ಲಿದ್ದ ಕಾಸ್ಪರೋವ್‌ರನ್ನು 51ರ ಕಾರ್ಪೋವ್ 2.5–1.5ರಿಂದ ಸೋಲಿಸಿದರು. ಏಳು ವರ್ಷ ಬಿಟ್ಟು ವೆಲೆನ್ಸಿಯಾದಲ್ಲಿ ರ್ಯಾಪಿಡ್ ಮತ್ತು ಅದಕ್ಕಿಂತ ವೇಗದ ಬ್ಲಿಟ್ಜ್ ಸೇರಿ ಹನ್ನೆರಡು ಆಟ ಇಟ್ಟರು, ಕಾಸ್ಪರೋವ್ 9–3.

ಈಗ ಇನ್ನೊಂದು ಬದಿಗೆ ಬರುತ್ತೇನೆ. ಉದ್ದವಾಗಿ ಆಡಿಸಿದರೂ ರ್ಯಾಪಿಡ್‌ನಲ್ಲಿ ಅಂಥದ್ದೇನಿದೆ, ಅದು ಅವಸರದ ಅಡುಗೆಯಲ್ಲವೇ ಎಂಬ ಪ್ರಶ್ನೆ. ಕೇಳುವವರು ಸಾಮಾನ್ಯವಾಗಿ ಚೆಸ್ ಬಲ್ಲವರೇ, ಆದ್ದರಿಂದ ಉತ್ತರ ಹಗುರವಾಗಿರಬಾರದು.

ನಿಧಾನ ಎಂಬುದೇ ಚೆಸ್‌ನ ಮೂಲಗುಣವೆಂದು ನಾವು ನಂಬಿದ್ದೇವೆ. 1851ರಲ್ಲಿ ಲಂಡನ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಟೂರ್ನಿ ನಡೆದಾಗ ಗಡಿಯಾರವೇ ಇರಲಿಲ್ಲ. ಎದುರಾಳಿಯ ಆಮೆ ನಡಿಗೆಯಿಂದ ಸ್ಟಾಂಟನ್ ರೋಸಿಹೋಗಿದ್ದರು. ಅದೇ ಕಾಲಕ್ಕೆ ನಮ್ಮ ಮೈಸೂರಿನ ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಒಂದೇ ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಓಡಿಸುವ ಬಂಧಗಳನ್ನು ಹೆಣೆಯುತ್ತಿದ್ದರು. ಅವರಿಗೂ ಕೇಳುವವರಿರಲಿಲ್ಲ, ಗಡಿಯಾರವಿರಲಿಲ್ಲ. 1861ರಲ್ಲಿ ಆಂಡರ್ಸನ್–ಕೋಲಿಶ್ ಪಂದ್ಯಕ್ಕೆ ಮರಳು ಗಡಿಯಾರ ಬಂತು, 1883ರಲ್ಲಿ ಲಂಡನ್‌ನಲ್ಲಿ ಜೋಡಿ ಗಡಿಯಾರ. ಅಂದಿನಿಂದ ಚೆಸ್‌ನ ಚರಿತ್ರೆ ಎಂದರೆ ಹೊತ್ತು ಕುಗ್ಗುತ್ತ ಬಂದ ಚರಿತ್ರೆ. 1972ರಲ್ಲಿ ರೇಕ್ಯಾವಿಕ್‌ನಲ್ಲಿ ಫಿಷರ್ ಮತ್ತು ಸ್ಪಾಸ್ಕಿಗೆ 40 ನಡೆಗೆ ತಲಾ ಎರಡೂವರೆ ಗಂಟೆ. ಮುಗಿಯದಿದ್ದರೆ ಮುಂದಿನ ನಡೆಯನ್ನು ಬರೆದು ಲಕೋಟೆಯಲ್ಲಿಟ್ಟು ಮರುದಿನಕ್ಕೆ ಮುಂದೂಡಿಕೆ; ರಾತ್ರಿಯಿಡೀ ಸಹಾಯಕರ ಜೊತೆ ವಿಶ್ಲೇಷಣೆ. ಆ ಪಂದ್ಯದ ಕೊನೆಯ ಆಟವೂ ಹಾಗೆ ಮುಂದೂಡಿದ್ದೇ, ಸ್ಪಾಸ್ಕಿ ಮರುದಿನ ಮೇಜಿಗೆ ಬರಲೇ ಇಲ್ಲ, ಫೋನಿನಲ್ಲೇ ಸೋಲೊಪ್ಪಿದರು. ಕಂಪ್ಯೂಟರ್ ಬಂದ ಮೇಲೆ 1990ರ ದಶಕದಲ್ಲಿ ಮುಂದೂಡಿಕೆ ನಿಂತಿತು. 1972ರವರನ್ನು ಎಬ್ಬಿಸಿ ಇಂದಿನ ‘ಕ್ಲಾಸಿಕಲ್’ ತೋರಿಸಿದರೆ ಅವರೂ ಇದೇನು ಅವಸರದ ಅಡುಗೆ ಎಂದಾರು.

ಇನ್ನೂ ಒಂದು ಸೋಜಿಗವಿದೆ. ಕ್ಲಾಸಿಕಲ್‌ನ ಮಹಿಮೆಗೆ ಎಲ್ಲರೂ ಕೊಡುವ ಇತ್ತೀಚಿನ ಸಾಕ್ಷಿ 2021ರ ದುಬೈ ಪಂದ್ಯದ ಆರನೆಯ ಆಟ. ಕಾರ್ಲ್‌ಸನ್ ಮತ್ತು ನೆಪೊಮ್ನಿಯಾಚಿ 136 ನಡೆ, ಏಳೂಮುಕ್ಕಾಲು ಗಂಟೆ ಆಡಿದರು; ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಷ್ಟು ಉದ್ದದ ಆಟ ಇನ್ನೊಂದಿಲ್ಲ. ಕಾರ್ಲ್‌ಸನ್ ಗೆದ್ದರು, ಅಲ್ಲಿಗೆ ನೆಪೊಮ್ನಿಯಾಚಿ ಕುಸಿದರು, ಪಂದ್ಯ 7.5–3.5ಕ್ಕೆ ಮುಗಿಯಿತು. ಅದ್ಭುತ ಆಟ, ನಿಜ. ಆದರೆ ಅಲ್ಲಿನ ಕಾಲದ ನಿಯಮ ನೋಡಿ: ಮೊದಲ 40 ನಡೆಗೆ 120 ನಿಮಿಷ, ಮುಂದಿನ 20ಕ್ಕೆ 60, ಆಮೇಲೆ ಉಳಿದ ಎಲ್ಲಕ್ಕೂ 15 ನಿಮಿಷ ಮತ್ತು ನಡೆಗೆ 30 ಸೆಕೆಂಡು. ಅಂದರೆ 61ನೆಯ ನಡೆಯಿಂದ 136ರ ತನಕದ ಆಟಕ್ಕೆ ನಿಯಮ ಹೊಸದಾಗಿ ಕೊಟ್ಟದ್ದು 15 ನಿಮಿಷ, ನಡೆಗೆ ಅರ್ಧ ನಿಮಿಷ. ಫಿಡೆಯ ನಿಯಮದಲ್ಲಿ ಇಷ್ಟೇ ಹೊತ್ತು ಕೊಟ್ಟು ಬೇರೆ ಆಟ ಇಟ್ಟರೆ ಅದರ ಹೆಸರು ರ್ಯಾಪಿಡ್. ಅರವತ್ತು ನಿಮಿಷಕ್ಕಿಂತ ಕಡಿಮೆ, ಹತ್ತಕ್ಕಿಂತ ಹೆಚ್ಚು. 60 ನಡೆಯ ಲೆಕ್ಕಕ್ಕೆ 15ಕ್ಕೆ 30 ಸೇರಿ 45 ನಿಮಿಷ. ನಾವು ಕೊಂಡಾಡುವ ಆ ಮಹಾ ಕ್ಲಾಸಿಕಲ್ ಆಟದ ಅರ್ಧಕ್ಕಿಂತ ಹೆಚ್ಚು ನಡೆಗಳು ರ್ಯಾಪಿಡ್ ಗಡಿಯಾರದ ಕೆಳಗೆ ಹುಟ್ಟಿದವು!

ಇದರಿಂದ ನಿಧಾನಕ್ಕೂ ವೇಗಕ್ಕೂ ವ್ಯತ್ಯಾಸವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ವೇಗ ಹೆಚ್ಚಿದರೆ ತಪ್ಪು ಹೆಚ್ಚುತ್ತದೆ. 1994ರ ಆಗಸ್ಟ್‌ನಲ್ಲಿ ಲಂಡನ್‌ನಲ್ಲಿ ಚೆಸ್ ಜೀನಿಯಸ್ ಎಂಬ ಪ್ರೋಗ್ರಾಂ ಕಾಸ್ಪರೋವ್‌ರನ್ನು 25 ನಿಮಿಷದ ಆಟದಲ್ಲಿ ಸೋಲಿಸಿತು. ನಿಧಾನದ ಪಂದ್ಯದಲ್ಲಿ ಅವರನ್ನು ಮಣಿಸಲು ಡೀಪ್ ಬ್ಲೂಗೆ 1997 ಬರಬೇಕಾಯಿತು. ಯಂತ್ರಕ್ಕೆ ಮನುಷ್ಯ ಮೊದಲು ಸಿಕ್ಕಿಬಿದ್ದದ್ದು ವೇಗದಲ್ಲೇ. ಆದರೆ ಇಂದಿನ ಪ್ರಶ್ನೆ ಯಂತ್ರವನ್ನು ಸೋಲಿಸುವುದಲ್ಲ. ಯಂತ್ರ ಬಂದ ಮೇಲೆ ಮನುಷ್ಯ–ಮನುಷ್ಯರ ಆಟದಲ್ಲಿ ಏನು ಉಳಿದಿದೆ ಎಂಬುದು.

ಇಂದು ಅಗ್ರ ಆಟಗಾರನ ಹಿಂದೆ ಒಂದು ಪಡೆಯೇ ಇರುತ್ತದೆ. ತಿಂಗಳುಗಟ್ಟಲೆ ಕಂಪ್ಯೂಟರ್ ಮುಂದೆ ಕೂತು ಆರಂಭದ ಇಪ್ಪತ್ತು, ಇಪ್ಪತ್ತೈದು ನಡೆಗಳನ್ನು ಕಡೆದಿಟ್ಟಿರುತ್ತಾರೆ. ಕ್ಲಾಸಿಕಲ್‌ನಲ್ಲಿ ಎದುರಾಳಿ ಹೊಸ ನಡೆ ಇಟ್ಟರೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಕೂತು ಅದರ ವಿಷ ಇಳಿಸಲು ಅವಕಾಶವಿದೆ. ಆದ್ದರಿಂದ ಸ್ವಲ್ಪವೂ ಲೋಪವಿರುವ ಆರಂಭವನ್ನು ಯಾರೂ ಆಡುವುದಿಲ್ಲ. ಲೋಪವಿಲ್ಲದ ಆರಂಭಗಳು ಹೆಚ್ಚಾಗಿ ಡ್ರಾದ ಕಡೆಗೇ ಒಯ್ಯುತ್ತವೆ. 2018ರ ಲಂಡನ್‌ನ ಹನ್ನೆರಡು ಡ್ರಾಗಳಿಗೆ ಇಬ್ಬರ ಹೇಡಿತನ ಕಾರಣವಲ್ಲ, ಇಬ್ಬರ ಹೋಮ್‌ವರ್ಕ್ ಕಾರಣ. ರ್ಯಾಪಿಡ್‌ನಲ್ಲಿ ಆ ಮುಕ್ಕಾಲು ಗಂಟೆ ಇಲ್ಲ. ಕೊಂಚ ದೋಷವಿದ್ದರೂ ಎದುರಾಳಿಗೆ ಅಪರಿಚಿತವಾದ ಆರಂಭ ಆಡಬಹುದು, ಹಳೆಯದೆಂದು ಬಿಟ್ಟದ್ದನ್ನು ಎತ್ತಿಕೊಳ್ಳಬಹುದು. ಕಂಠಪಾಠ ಬೇಗ ಮುಗಿಯುತ್ತದೆ, ಆಮೇಲೆ ಆಟಗಾರ ತನ್ನೊಳಗೆ ಏನಿದೆಯೋ ಅದರಿಂದಲೇ ಆಡಬೇಕು.

ಕರಾವಳಿಯ ತಾಳಮದ್ದಳೆ ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಪ್ರಸಂಗದ ಪದ್ಯ ಎಲ್ಲರಿಗೂ ಗೊತ್ತು. ಭಾಗವತರು ಹಾಡಿ ನಿಲ್ಲಿಸಿದ ಮೇಲೆ ಅರ್ಥಧಾರಿ ಏನು ಹೇಳುತ್ತಾನೆ, ಎದುರಿನವನು ಎಸೆದ ಪ್ರಶ್ನೆಗೆ ಆ ಕ್ಷಣದಲ್ಲಿ ಹೇಗೆ ತಿರುಗೇಟು ಕೊಡುತ್ತಾನೆ ಎಂಬುದನ್ನು ಕೇಳಲು ಜನ ರಾತ್ರಿಯಿಡೀ ಕೂರುತ್ತಾರೆ. ಮನೆಗೆ ಹೋಗಿ ಮೂರು ದಿನ ಯೋಚಿಸಿ ಬರೆದು ತಂದರೆ ಇನ್ನೂ ಒಳ್ಳೆಯ ಉತ್ತರ ಬಂದೀತು. ಹಾಗೆಂದು ಯಾರೂ ಅರ್ಥಗಾರಿಕೆಯನ್ನು ನಾಟಕ ಬರೆಯಲಾಗದವರ ಕೆಲಸವೆಂದು ಕರೆಯುವುದಿಲ್ಲ. ಅದು ಬೇರೆಯದೇ ವಿದ್ಯೆ. ವರ್ಷಗಟ್ಟಲೆ ಓದಿ ಅರಗಿಸಿಕೊಂಡದ್ದು ಕ್ಷಣದಲ್ಲಿ ನಾಲಿಗೆಗೆ ಬರಬೇಕು. ರ್ಯಾಪಿಡ್‌ನಲ್ಲಿ ಅದು ಬೆರಳಿಗೆ ಬರಬೇಕು.

ಆನಂದ್ ಈ ವಿದ್ಯೆಯ ದೊಡ್ಡ ಅರ್ಥಧಾರಿ. ಎಳೆಯ ವಯಸ್ಸಿನಲ್ಲಿ ನಿಧಾನದ ಆಟಗಳನ್ನೂ ಅರ್ಧ ಗಂಟೆಯೊಳಗೆ ಮುಗಿಸಿ ಎದ್ದುಹೋಗುತ್ತಿದ್ದರು. ಹಿರಿಯರು ಗದರಿದರು, ಕೂತು ಯೋಚಿಸು ಎಂದರು. ಅವರು ಕೂರಲು ಕಲಿತರು, ಐದು ಸಲ ವಿಶ್ವ ಚಾಂಪಿಯನ್ ಆದರು. ಹಳೆಯ ಗುಣ ಹೋಗಲಿಲ್ಲ. 2003ರಲ್ಲಿ ವಿಶ್ವ ರ್ಯಾಪಿಡ್ ಪಟ್ಟ. ಮತ್ತೆ 2017ರಲ್ಲಿ, 48ರ ವಯಸ್ಸಿನಲ್ಲಿ, ರಿಯಾದ್‌ನಲ್ಲಿ ಕಾರ್ಲ್‌ಸನ್‌ರನ್ನೂ ಸೋಲಿಸಿ ಅದೇ ಪಟ್ಟ. ವೇಗದ ಚೆಸ್ ಹುಡುಗರ ಆಟ ಎನ್ನುವವರಿಗೆ ಈ ಒಂದು ವರ್ಷವನ್ನು ನೆನಪಿಸಿದರೆ ಸಾಕು. ಆದರೂ ರ್ಯಾಪಿಡ್ ಅವರಿಗೆ ಯಾವಾಗಲೂ ಕೈ ಹಿಡಿಯಲಿಲ್ಲ. 1998ರ ಜನವರಿಯಲ್ಲಿ ಲೊಸಾನ್‌ನಲ್ಲಿ, ಗ್ರೋನಿಂಗನ್‌ನ ನಾಕೌಟ್‌ನಲ್ಲಿ ವಾರಗಟ್ಟಲೆ ಬೆವರು ಹರಿಸಿ ಬಂದ ಆನಂದ್ ಎದುರು, ನೇರ ಫೈನಲ್‌ಗೆ ಬಂದು ವಿಶ್ರಾಂತಿಯಲ್ಲಿದ್ದ ಕಾರ್ಪೋವ್ ಕೂತರು. 3–3 ಆಯಿತು. ರ್ಯಾಪಿಡ್‌ನಲ್ಲಿ ಕಾರ್ಪೋವ್ 2–0. ಜಗತ್ತಿನ ಶ್ರೇಷ್ಠ ರ್ಯಾಪಿಡ್ ಆಟಗಾರನನ್ನು ಎರಡೇ ಆಟದ ರ್ಯಾಪಿಡ್ ಹೊರಗೆ ಹಾಕಿತು.

ರ್ಯಾಪಿಡ್‌ಗೆ ನಿಜವಾದ ಗೌರವ ಸಿಕ್ಕಿದ್ದು ಜರ್ಮನಿಯ ಮೈಂಜ್‌ನಲ್ಲಿ. ಅಲ್ಲಿ ವರ್ಷವರ್ಷ ಬೇಸಿಗೆಯಲ್ಲಿ ಇಬ್ಬರು ಅಗ್ರ ಆಟಗಾರರನ್ನು ಕೂರಿಸಿ ರ್ಯಾಪಿಡ್ ಪಂದ್ಯವನ್ನೇ ಮುಖ್ಯ ಊಟವಾಗಿ ಬಡಿಸುತ್ತಿದ್ದರು. 2001ರಲ್ಲಿ ಕ್ರಾಮ್ನಿಕ್ ಎದುರು ಹತ್ತು ಆಟ, 5–5, ಕೊನೆಗೆ ಬ್ಲಿಟ್ಜ್‌ನಲ್ಲಿ ಆನಂದ್ ಗೆದ್ದರು. 2003ರಲ್ಲಿ ಯೂದಿತ್ ಪೋಲ್ಗಾರ್ ಎದುರು ಎಂಟು ಆಟ; ಆನಂದ್ 5, ಪೋಲ್ಗಾರ್ 3. ಒಂದೂ ಡ್ರಾ ಇಲ್ಲ! ಎಂಟೂ ಆಟಗಳಲ್ಲಿ ಯಾರಾದರೊಬ್ಬರು ಸೋತರು. ಇಬ್ಬರು ಅಗ್ರ ಆಟಗಾರರು ತಪ್ಪು ಮಾಡಲು ಹೆದರದೆ ಕೂತರೆ ಚೆಸ್ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಆ ಎಂಟನ್ನು. ಅಲ್ಲಿ ಯಾರೂ ಇನ್ನಾವುದೋ ಪಟ್ಟವನ್ನು ತೂಗುತ್ತಿರಲಿಲ್ಲ.

ಈಗ ಅಂಥದ್ದು ಅಪರೂಪ. ವಿಶ್ವ ರ್ಯಾಪಿಡ್ ಚಾಂಪಿಯನ್‌ಷಿಪ್ ಇದೆಯಲ್ಲ ಎನ್ನಬಹುದು. ಅದು ವರ್ಷದ ಕೊನೆಯಲ್ಲಿ ನೂರಾರು ಜನ ಮೂರು ದಿನ 13 ಸುತ್ತು ಆಡುವ ಸ್ವಿಸ್ ಟೂರ್ನಿ. ಚೆನ್ನಾಗಿದೆ, ಗದ್ದಲವಿದೆ, 2024ರಲ್ಲಿ ಕಾರ್ಲ್‌ಸನ್ ಜೀನ್ಸ್ ಹಾಕಿ ಬಂದ ಜಗಳದಿಂದ ಚೆಸ್ ಅರಿಯದವರ ಮನೆಗೂ ಅದರ ಸುದ್ದಿ ಮುಟ್ಟಿತು. ಆದರೆ ಅಗ್ರ ಇಬ್ಬರು ಅಲ್ಲಿ ಭೇಟಿಯಾದರೆ ಒಂದು ಸಲ, ಕೆಲವೊಮ್ಮೆ ಅದೂ ಇಲ್ಲ. ಕ್ಲಾಸಿಕಲ್ ಪಟ್ಟಕ್ಕೆ ಇಬ್ಬರು ಎದುರು ಕೂತು ಹದಿನಾಲ್ಕು ಆಟ ಆಡಬೇಕು ಎನ್ನುವ ಫಿಡೆ, ರ್ಯಾಪಿಡ್ ಪಟ್ಟವನ್ನು ಸಂತೆಯಲ್ಲಿ ಹಂಚುತ್ತದೆ.

ಇಬ್ಬರು ಎದುರು ಕೂತರೆ ಏನಾಗುತ್ತದೆ ಎಂಬ ಕುತೂಹಲಕ್ಕೆ ಕೊರತೆಯಿಲ್ಲ. 2025ರ ಜುಲೈನಲ್ಲಿ ಜಾಗ್ರೆಬ್‌ನ ಟೂರ್ನಿ ಶುರುವಾಗುವ ಮುನ್ನ ಕಾರ್ಲ್‌ಸನ್, ವೇಗದ ಆಟದಲ್ಲಿ ಗುಕೇಶ್‌ರನ್ನು ದುರ್ಬಲರ ಸಾಲಿಗೆ ಸೇರಿಸಿ ಮಾತನಾಡಿದ್ದರು. ಗುಕೇಶ್ ಅಲ್ಲಿ ರ್ಯಾಪಿಡ್‌ನಲ್ಲಿ ಕಾರ್ಲ್‌ಸನ್‌ರನ್ನು ಸೋಲಿಸಿದ್ದಲ್ಲದೆ ರ್ಯಾಪಿಡ್ ವಿಭಾಗದಲ್ಲಿ ಒಂದನೆಯವರಾದರು; ಬ್ಲಿಟ್ಜ್ ಸೇರಿದ ಮೇಲೆ ಒಟ್ಟು ಟೂರ್ನಿ ಕಾರ್ಲ್‌ಸನ್‌ಗೆ ಹೋಯಿತು. ಒಂದು ಆಟ, ಒಂದು ಗೆಲುವು. ಮರುದಿನ ನಮ್ಮ ಪತ್ರಿಕೆಗಳಲ್ಲಿ ಸಂಭ್ರಮ, ಕಾರ್ಲ್‌ಸನ್ ಅಭಿಮಾನಿಗಳಲ್ಲಿ ನೆಪ. ಇಬ್ಬರೂ ಹದಿನಾರು ಆಟ ಕೂತಿದ್ದರೆ ಸಂಭ್ರಮಕ್ಕೂ ಅರ್ಥವಿರುತ್ತಿತ್ತು, ನೆಪಕ್ಕೆ ಜಾಗವಿರುತ್ತಿರಲಿಲ್ಲ. ನನ್ನ ಅಂದಾಜಿನಲ್ಲಿ ಕಾರ್ಲ್‌ಸನ್ ಸ್ಪಷ್ಟವಾಗಿ ಗೆಲ್ಲುತ್ತಿದ್ದರು. ಆದರೆ ಅಂದಾಜನ್ನು ಆಟದ ಮುಂದೆ ಇಟ್ಟು ಪರೀಕ್ಷಿಸಲು ಆಗುತ್ತಿಲ್ಲ ಎಂಬುದೇ ನನ್ನ ಸಂಕಟ.

ನಮ್ಮ ಊರುಗಳಲ್ಲಿ ಭಾನುವಾರ ಯಾವುದಾದರೂ ಕಲ್ಯಾಣ ಮಂಟಪದ ಕಡೆ ಹೋದರೆ ಮದುವೆಯ ಬದಲು ಚೆಸ್ ಟೂರ್ನಿ ಕಾಣಬಹುದು. ಒಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ನೆಲಕ್ಕೆ ತಾಗದ ಮಕ್ಕಳು, ಹೊರಗೆ ಊಟದ ಡಬ್ಬಿ ಹಿಡಿದ ಅಪ್ಪ ಅಮ್ಮ. ಅಲ್ಲಿ ನಡೆಯುವುದು ಬಹುಪಾಲು ರ್ಯಾಪಿಡ್ಡೇ. ಬೆಳಿಗ್ಗೆ ಶುರು, ಸಂಜೆಗೆ ಬಹುಮಾನ, ರಾತ್ರಿ ಬಸ್ಸು. ನಮ್ಮ ಹೆಚ್ಚಿನ ಮಕ್ಕಳಿಗೆ ಚೆಸ್ ಎಂದರೆ ಇದೇ. ಅವರು ದೊಡ್ಡವರಾಗಿ ನೋಡುವಾಗ ತಾವು ಕಲಿತ ಆಟಕ್ಕೆ ಮೇಲಿನ ಅಂಗಳದಲ್ಲಿ ಸ್ವಂತ ಪೀಠವೇ ಇಲ್ಲ.

ಮುಂದೆ ಎಂದಾದರೂ ಇಬ್ಬರು ಅಗ್ರ ಗ್ರ್ಯಾಂಡ್‌ಮಾಸ್ಟರ್‌ಗಳ ನಡುವೆ ರ್ಯಾಪಿಡ್ ಪಂದ್ಯ ಗೊತ್ತಾಗಿದೆ ಎಂಬ ಸುದ್ದಿ ಬಂದರೆ, ಬಹುಮಾನದ ಮೊತ್ತ ಎಷ್ಟು, ಯಾರು ಯಾರನ್ನು ಏನೆಂದು ಕೆಣಕಿದರು ಎಂಬುದನ್ನೆಲ್ಲ ಬಿಟ್ಟು ಮೊದಲು ಆಟಗಳೆಷ್ಟು ಎಂದು ನೋಡಿ. ನಾಲ್ಕಾದರೆ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ, ಮರುದಿನ ಫಲಿತಾಂಶ ಓದಿದರೆ ಸಾಕು. ಹದಿನಾರಾದರೆ ಕಚೇರಿಗೆ ನಾಲ್ಕು ದಿನ ರಜೆ ಹಾಕಿ.